ಎನ್‌ಕ್ಲೆಕ್ಸ್ ಫೇಲಾಗಿ ಎಂಟು ವರ್ಷ ಆಯಿತು, ಮತ್ತೆ ಬರೆಯಬಹುದಾ?

ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಬಿಎಸ್ಸಿ ನರ್ಸಿಂಗ್ 2011ರಲ್ಲಿ ಮುಗಿಯಿತು. ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಅನ್ನು 2017ರಲ್ಲಿ ಬೆಂಗಳೂರಿನಲ್ಲಿ ಬರೆದು ಫೇಲಾದೆ. ಆಮೇಲೆ ಮದುವೆ, ಇಬ್ಬರು ಮಕ್ಕಳು. ಈಗ 36 ವರ್ಷ. ಮತ್ತೆ ಬರೆಯುವ ಆಸೆ ಇದೆ, ಮನೆಯಲ್ಲಿ ಬಾಯಿ ಬಿಟ್ಟು ಹೇಳೋಕೆ ಧೈರ್ಯ ಇಲ್ಲ. ಇಷ್ಟು ಗ್ಯಾಪ್ ಆದಮೇಲೆ ಪಾಸಾದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಮೈಸೂರಿನಿಂದ

ಸಿಸ್ಟರ್, ನಾನು 2015ರಲ್ಲಿ ಫೇಲಾದವಳು, 2024ರಲ್ಲಿ ಪಾಸಾದವಳು. ಮಧ್ಯದ ಒಂಬತ್ತು ವರ್ಷ ಯಾರಾದರೂ ಆ ಪರೀಕ್ಷೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದೆ. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಮೊದಲೇ ಪುಸ್ತಕ ಕೊಳ್ಳಬೇಡಿ. ಫೇಲಾದವರಿಗೆ ಒಂದು ರಿಪೋರ್ಟ್ ಬರುತ್ತದೆ, ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್ ಅಂತ. ಅದನ್ನು ಹುಡುಕಿ ತೆಗೆಯಿರಿ. ನಾನು ನನ್ನದನ್ನು ಬೀರುವಿನಲ್ಲಿ ಮದುವೆ ಸೀರೆ ಕೆಳಗೆ ಇಟ್ಟಿದ್ದೆ, ಒಂದು ಸಲವೂ ಪೂರ್ತಿ ಓದಿರಲಿಲ್ಲ. ಅದರಲ್ಲಿ ಮಾರ್ಕ್ಸ್ ಇರುವುದಿಲ್ಲ. ಪ್ರತಿ ವಿಷಯದ ಮುಂದೆ ಪಾಸ್ ಗೆರೆಗಿಂತ ಮೇಲಿದ್ದೀರಾ, ಹತ್ತಿರ ಇದ್ದೀರಾ, ಕೆಳಗಿದ್ದೀರಾ ಅಂತ ಮಾತ್ರ ಇರುತ್ತದೆ. ಎಲ್ಲಿ ಓದಬೇಕು ಅಂತ ಅದೇ ಹೇಳುತ್ತದೆ.

ಆಗಿನ ಪರೀಕ್ಷೆ ನಿಮಗೆ ನೆನಪಿರುತ್ತದೆ. ಕನಿಷ್ಠ 75 ಪ್ರಶ್ನೆ, ಗರಿಷ್ಠ 265, ಆರು ಗಂಟೆ. ನನಗೆ 265ರವರೆಗೂ ಹೋಯಿತು. 75 ದಾಟಿದರೂ ಕಂಪ್ಯೂಟರ್ ನಿಲ್ಲಲಿಲ್ಲ, ಕೈ ತಣ್ಣಗಾಯಿತು. ಅಲ್ಲಿಂದಾಚೆ ನಾನು ಪ್ರಶ್ನೆ ಸರಿಯಾಗಿ ಓದಲೇ ಇಲ್ಲ, ಮೂಲೆಯಲ್ಲಿ ಬರುತ್ತಿದ್ದ ನಂಬರ್ ನೋಡುತ್ತಾ ಕೂತೆ. 110, 111, 112. ಅಷ್ಟು ದೂರ ಹೋಯಿತು ಅಂದರೆ ನಾನು ದಡ್ಡಿ ಅಂತಲೇ ವರ್ಷಗಟ್ಟಲೆ ಅಂದುಕೊಂಡಿದ್ದೆ.

ಅದು ತಪ್ಪು. ನೀವು ಗೆರೆಗಿಂತ ಮೇಲೋ ಕೆಳಗೋ ಅಂತ ಶೇ. 95ರಷ್ಟು ಖಾತ್ರಿಯಾದಾಗ ಕಂಪ್ಯೂಟರ್ ನಿಲ್ಲುತ್ತದೆ. ಖಾತ್ರಿ ಆಗದಿದ್ದರೆ ಪ್ರಶ್ನೆ ಕೊಡುತ್ತಲೇ ಇರುತ್ತದೆ. ಅಂದರೆ ನಾನು ಕೊನೆವರೆಗೂ ಗೆರೆಯ ಹತ್ತಿರವೇ ಇದ್ದೆ! ಇದು ಆವತ್ತೇ ಗೊತ್ತಿದ್ದಿದ್ದರೆ ಮೂರೇ ತಿಂಗಳಲ್ಲಿ ಮತ್ತೆ ಬರೆಯುತ್ತಿದ್ದೆ. ನಿಮಗೆ ಎಷ್ಟರಲ್ಲಿ ನಿಂತಿತ್ತು ಅಂತ ನೆನಪು ಮಾಡಿಕೊಳ್ಳಿ.

ಈಗ ಪರೀಕ್ಷೆ ಬದಲಾಗಿದೆ. 2023ರ ಏಪ್ರಿಲ್‌ನಿಂದ ಹೊಸ ರೂಪ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಐದು ಗಂಟೆ. ಮೂರು ಕೇಸ್ ಸ್ಟಡಿ ಬಂದೇ ಬರುತ್ತವೆ, ಒಂದೊಂದಕ್ಕೆ ಆರು ಪ್ರಶ್ನೆ. ನರ್ಸಸ್ ನೋಟ್ಸ್, ಬಿಪಿ, ಪಲ್ಸ್, ಲ್ಯಾಬ್ ರಿಪೋರ್ಟ್ ಎಲ್ಲ ಪರದೆ ಮೇಲಿರುತ್ತದೆ. ಯಾವುದು ಗಾಬರಿಪಡುವ ವಿಷಯ, ಅದು ಯಾಕೆ ಆಗುತ್ತಿದೆ, ಮೊದಲು ಏನು ಮಾಡುತ್ತೀರಿ, ಮಾಡಿದ್ದು ಕೆಲಸ ಮಾಡಿತಾ, ಇಷ್ಟೇ ಕೇಳುವುದು. ವಾರ್ಡಿನಲ್ಲಿ ಹತ್ತು ವರ್ಷ ಡ್ಯೂಟಿ ಬದಲಾಗುವಾಗ ರೋಗಿಗಳ ಹ್ಯಾಂಡೋವರ್ ತೆಗೆದುಕೊಂಡವರಿಗೆ ಇದು ಹೊಸದಲ್ಲ. ಇನ್ನೊಂದು ಒಳ್ಳೆಯ ಸುದ್ದಿ ಇದೆ. ಸರಿಯಾದವನ್ನೆಲ್ಲ ಗುರುತಿಸಿ ಅನ್ನುವ ಪ್ರಶ್ನೆಯಲ್ಲಿ ಆಗ ಒಂದು ತಪ್ಪಿದರೆ ಪೂರ್ತಿ ಸೊನ್ನೆ. ಈಗ ಸರಿ ಮಾಡಿದಷ್ಟಕ್ಕೆ ಅಂಕ ಸಿಗುತ್ತದೆ. ಆದರೆ ತಪ್ಪು ಗುರುತಿಗೆ ಕಳೆಯುತ್ತಾರೆ, ಸುಮ್ನೆ ಎಲ್ಲ ಒತ್ತಬೇಡಿ.

ನನ್ನನ್ನು ಎರಡನೇ ಸಲ ಜಾಸ್ತಿ ಕಾಡಿದ್ದು ನನ್ನ ಅನುಭವವೇ. ಒಂದು ಪ್ರಶ್ನೆ ಹೇಳುತ್ತೇನೆ. ನಾಲ್ಕು ರೋಗಿಗಳು. ಒಬ್ಬರಿಗೆ ಆಪರೇಷನ್ ಆದ ಜಾಗದಲ್ಲಿ ನೋವು, ಹತ್ತಕ್ಕೆ ಎಂಟು. ಒಬ್ಬರಿಗೆ ಶುಗರ್ 250. ಒಬ್ಬರು ಡಿಸ್ಚಾರ್ಜ್ ತಡ ಆಯಿತು ಅಂತ ಜೋರು ಮಾಡುತ್ತಿದ್ದಾರೆ. ಇನ್ನೊಬ್ಬರಿಗೆ ನಿನ್ನೆ ಥೈರಾಯ್ಡ್ ತೆಗೆದಿದ್ದಾರೆ, ತುಟಿ ಸುತ್ತ ಜುಮ್ ಅನ್ನುತ್ತಿದೆ ಅಂತ ಮೆಲ್ಲಗೆ ಹೇಳುತ್ತಾರೆ. ಮೊದಲು ಯಾರ ಹತ್ತಿರ ಹೋಗುತ್ತೀರಿ? ನಮ್ಮ ವಾರ್ಡಿನಲ್ಲಿ ನಾವು ಕೂಗುವವರ ಹತ್ತಿರ ಓಡುತ್ತೇವೆ, ಅಲ್ವಾ? ನಾನು ನೋವಿನವರನ್ನು ಗುರುತಿಸಿದೆ. ಸರಿ ಉತ್ತರ ಥೈರಾಯ್ಡ್‌ನವರು. ಕ್ಯಾಲ್ಸಿಯಂ ಇಳಿಯುತ್ತಿದೆ, ಗಂಟಲು ಬಿಗಿದುಕೊಂಡರೆ ಉಸಿರೇ ನಿಲ್ಲುತ್ತದೆ. ಕಾರಣ ನನಗೆ ಗೊತ್ತೇ ಇತ್ತು. ಆದರೂ ಅಭ್ಯಾಸ ಗೆದ್ದಿತು.

ಹಾಗೇ "ಡಾಕ್ಟರಿಗೆ ತಿಳಿಸಿ" ಅನ್ನುವ ಉತ್ತರ. ನಮ್ಮ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆ ಹೊತ್ತಿಗೆ ನರ್ಸ್ ತಾನೇ ಮಾಡಬಹುದಾದ್ದು ಏನಾದರೂ ಇದೆಯಾ ಅಂತ ಮೊದಲು ನೋಡಿ: ತಲೆ ಎತ್ತರಿಸುವುದು, ರಕ್ತ ಹೋಗುತ್ತಿದ್ದರೆ ನಿಲ್ಲಿಸುವುದು, ಪರೀಕ್ಷಿಸುವುದು.

ನಾನು ಒಂದು ನೋಟ್‌ಬುಕ್ ಇಟ್ಟೆ. ತಪ್ಪಾದ ಪ್ರತಿ ಪ್ರಶ್ನೆಗೆ ಒಂದೇ ಸಾಲು: ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು ಆದರೆ ವಾರ್ಡಿನ ಥರ ಯೋಚಿಸಿದೆ. ಎರಡನೆಯದೇ ಜಾಸ್ತಿ ಇತ್ತು. ದಿನಾ ಬೆಳಗ್ಗೆ ನಾಲ್ಕೂವರೆಗೆ ಎದ್ದು 40 ಪ್ರಶ್ನೆ, ಮಕ್ಕಳು ಏಳುವ ಮುಂಚೆ. ನೈಟ್ ಡ್ಯೂಟಿ ವಾರದಲ್ಲಿ ಓದಲಿಲ್ಲ, ಅದಕ್ಕೆ ಬೇಜಾರೂ ಮಾಡಿಕೊಳ್ಳಲಿಲ್ಲ. ಏಳು ತಿಂಗಳು ಹಿಡಿಯಿತು.

ಮನೆಯಲ್ಲಿ ಹೇಳಿ ಸಿಸ್ಟರ್. ನಾನು ಮೊದಲ ಎರಡು ತಿಂಗಳು ಕದ್ದು ಓದಿದೆ, ಅದೇ ದೊಡ್ಡ ಭಾರವಾಗಿತ್ತು. ಹೇಳಿದ ಮೇಲೆ ನಮ್ಮತ್ತೆ ಬೆಳಗ್ಗೆ ಮಕ್ಕಳ ಡಬ್ಬಿ ತಾವೇ ಕಟ್ಟಿದರು.

ಇನ್ನೊಂದು ಮಾತು ಮುಚ್ಚಿಡಬಾರದು. ಪಾಸಾದ ಮೇಲೂ ನಾನಿನ್ನೂ ಮೈಸೂರಿನಲ್ಲೇ ಇದ್ದೇನೆ. ಅಮೆರಿಕದ ನರ್ಸ್ ವೀಸಾಕ್ಕೆ ಭಾರತದವರ ಸಾಲು ಹತ್ತು ವರ್ಷಕ್ಕೂ ಉದ್ದ ಇದೆ. ಲೈಸೆನ್ಸ್ ಬೇರೆ, ವೀಸಾ ಬೇರೆ. ಇದನ್ನು ತಿಳಿದುಕೊಂಡೇ ಇಳಿಯಿರಿ.

ಶಿವಮೊಗ್ಗದಿಂದ ಕೆನಡಾಕ್ಕೆ ಬಂದವಳು

ಮೇಲಿನ ಸಿಸ್ಟರ್ ಓದುವುದರ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಕಾಗದಪತ್ರದ ಬಗ್ಗೆ ಹೇಳುತ್ತೇನೆ. ನಾನು ಒದ್ದಾಡಿದ್ದು ಅದರಲ್ಲೇ.

ಪರೀಕ್ಷೆ ಬರೆಯೋಕೆ ಕೊಟ್ಟಿದ್ದ ಹಳೆಯ ಅನುಮತಿ ಪತ್ರದ ಅವಧಿ ಮುಗಿದು ಹೋಗಿರುತ್ತದೆ. ಮತ್ತೆ ಅರ್ಜಿ, ಮತ್ತೆ ಫೀಸು. ನಾನು ಬೆಂಗಳೂರಿನಲ್ಲಿ ಬರೆದಾಗ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150. ಅದಕ್ಕಿಂತ ಮೊದಲು ಅಮೆರಿಕದ ಯಾವ ರಾಜ್ಯಕ್ಕೆ ಅರ್ಜಿ ಹಾಕುವುದು ಅಂತ ನೋಡಿ, ಲೈಸೆನ್ಸ್ ಕೊಡುವುದು ರಾಜ್ಯವೇ, ನಿಯಮವೂ ಒಂದೊಂದು ಕಡೆ ಒಂದೊಂದು ಥರ. ಟೆಕ್ಸಾಸ್‌ನಲ್ಲಿ ಓದು ಮುಗಿಸಿ ನಾಲ್ಕು ವರ್ಷದೊಳಗೆ ಪಾಸಾಗಬೇಕು, ನಮಗೆ ಅದು ಆಗದ ಮಾತು. ಫ್ಲಾರಿಡಾದಲ್ಲಿ ಮೂರು ಸಲ ಫೇಲಾದರೆ ಕೋರ್ಸ್ ಮಾಡಿ ಬರಬೇಕು. ನ್ಯೂಯಾರ್ಕ್‌ನಲ್ಲಿ ಎಷ್ಟು ಸಲ ಬೇಕಾದರೂ ಬರೆಯಬಹುದು.

ಹೆಸರು ನೋಡಿಕೊಳ್ಳಿ! ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ನನ್ನದು ಮೂರು ಕಡೆ ಮೂರು ಥರ ಇತ್ತು. ಸೆಂಟರ್‌ನಲ್ಲಿ ಪಾಸ್‌ಪೋರ್ಟ್ ಮತ್ತು ಅನುಮತಿ ಪತ್ರದ ಹೆಸರು ಹೊಂದಲಿಲ್ಲ ಅಂದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ದುಡ್ಡೂ ಹೋಗುತ್ತದೆ. ಅರ್ಜಿ ಹಾಕುವಾಗಲೇ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಬರೆಯಿರಿ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ನನ್ನದು ರಿನ್ಯೂ ಆಗಿರಲಿಲ್ಲ, ಅದೊಂದಕ್ಕೇ ತಿಂಗಳುಗಟ್ಟಲೆ ಹೋಯಿತು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಹಳೆಯ ಅಂಕ ಲೆಕ್ಕಕ್ಕೆ ಬರುವುದಿಲ್ಲ, ಅದು ನಡೆಯುವುದು ಎರಡೇ ವರ್ಷ.

ಅಮೆರಿಕ ಒಂದನ್ನೇ ನೋಡಬೇಡಿ. ಕೆನಡಾದ ಬಹುತೇಕ ಕಡೆ 2015ರಿಂದ ಇದೇ ಪರೀಕ್ಷೆ. ಆಸ್ಟ್ರೇಲಿಯಾ ಕೂಡ 2020ರಿಂದ ಹೊರದೇಶದಲ್ಲಿ ಓದಿದ ನರ್ಸ್‌ಗಳಿಗೆ ಇದನ್ನೇ ಇಟ್ಟಿದೆ.

ಮಂಗಳೂರಿನಿಂದ, ಚಿಕ್ಕದಾಗಿ

ಔಷಧಿ ಹೆಸರು ಮರೆಯಬೇಡಿ ಅಕ್ಕ. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೋಫೆನ್. ಸಾಲ್ಬುಟಮಾಲ್ ಆಲ್ಬುಟೆರಾಲ್. ಅಡ್ರಿನಲಿನ್ ಎಪಿನೆಫ್ರಿನ್. ಪೆಥಿಡಿನ್ ಮೆಪೆರಿಡಿನ್. ನಾನು ಅಡುಗೆಮನೆ ಗೋಡೆಗೆ ಪಟ್ಟಿ ಅಂಟಿಸಿದ್ದೆ, ಕುಕ್ಕರ್ ಕೂಗುವಷ್ಟರಲ್ಲಿ ಎರಡು ಸಲ ಓದಿ ಆಗುತ್ತಿತ್ತು.

ಪ್ರಶ್ನೆ ಕೇಳಿದ ನಾನು

ಎಲ್ಲರಿಗೂ ಧನ್ಯವಾದ. ಇವತ್ತು ಮಕ್ಕಳು ಶಾಲೆಗೆ ಹೋದ ಮೇಲೆ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ರಿಪೋರ್ಟ್ ಸಿಕ್ಕಿತು. ಎಂಟು ವಿಷಯದಲ್ಲಿ ಮೂರು ಗೆರೆಗಿಂತ ಕೆಳಗೆ, ನಾಲ್ಕು ಹತ್ತಿರ, ಒಂದು ಮೇಲೆ. ಎಂಟು ವರ್ಷ ನಾನು ಎಲ್ಲವೂ ಕೆಳಗೇ ಅಂದುಕೊಂಡಿದ್ದೆ. ರಾತ್ರಿ ಮನೆಯವರಿಗೆ ಆ ಹಾಳೆ ತೋರಿಸುತ್ತೇನೆ.