ಅಪ್‌ಡೇಟ್: ನಮ್ಮ ಮುಧೋಳ, ಲ್ಯಾಬ್ರಡಾರ್ ನಾಯಿಗಳ ತರಬೇತಿ

ಕರೆದರೆ ಬಾರದ ಮುಧೋಳ, ಹಗ್ಗ ಜಗ್ಗುವ ಲ್ಯಾಬ್ರಡಾರ್, ಎರಡನ್ನೂ ಒಟ್ಟಿಗೆ ಕ್ಲಾಸಿಗೆ ಹಾಕಬಹುದಾ ಅಂತ ಕೇಳಿದ್ದೆ. ಬೇರೆ ಬೇರೆ ಕಲಿಸಿ ಅಂದಿದ್ದಿರಿ. ಹಾಗೇ ಮಾಡಿದೆವು.

ಲ್ಯಾಬ್ ಗುಂಡ ಹೊಟ್ಟೆಬಾಕ. ಚಿಕನ್ ಚೂರು ಕಂಡರೆ ಕೂರುತ್ತಾನೆ, ಮಲಗುತ್ತಾನೆ, ಹೇಳದಿದ್ದರೂ ಕೈ ಕೊಡುತ್ತಾನೆ. ಹಗ್ಗ ಬಿಗಿಯಾದ ಕೂಡಲೇ ನಾವು ನಿಂತುಬಿಡುತ್ತೇವೆ, ಸಡಿಲವಾದರೆ ಮಾತ್ರ ಮುಂದೆ. ಜಗ್ಗಾಟ ಕಡಿಮೆಯಾಗಿದೆ.

ಚೆನ್ನಿ ಕಥೆಯೇ ಬೇರೆ. ಮುಧೋಳ ಕಣ್ಣಿನಿಂದ ಬೇಟೆ ಹುಡುಕುವ ನಾಯಿ ಅಲ್ವಾ, ಓಡುವ ಅಳಿಲು ಕಂಡರೆ ನಮ್ಮ ಕೂಗು ಕಿವಿಗೇ ಬೀಳುವುದಿಲ್ಲ. ತಿಂಡಿಯ ಆಸೆಯೂ ಅಷ್ಟಕ್ಕಷ್ಟೇ. ಉದ್ದ ಹಗ್ಗ ಕಟ್ಟಿ ಕರೆಯಿರಿ, ಬಂದಾಗಲೆಲ್ಲ ಚೆಂಡು ಎಸೆದು ಓಡಿಸಿ ಅಂದರು ಟ್ರೇನರ್. ಓಟವೇ ಅವಳಿಗೆ ಬಹುಮಾನ. ಈಗ ಅಂಗಳದಲ್ಲಿ ಕರೆದರೆ ಬರುತ್ತಾಳೆ. ಬಯಲಲ್ಲಿ ಹಗ್ಗ ಬಿಚ್ಚುವ ಧೈರ್ಯ ಇನ್ನೂ ಇಲ್ಲ. ಗದರಿದರಂತೂ ದಿನವಿಡೀ ಮುನಿಸು!