ಮಗನ ಜೊತೆ ನನಗೂ ಆಟಿಸಂ ಅಂತ ಗೊತ್ತಾಯಿತು, ನೆಂಟರಿಗೆ ಹೇಳಬೇಕಾ?

ಮೈಸೂರಮ್ಮ
ನನಗೆ 36, ಮಗನಿಗೆ 6. ಹೋದ ವರ್ಷ ಅವನಿಗೆ ಆಟಿಸಂ ಇದೆ ಅಂತ ಡಾಕ್ಟರು ಹೇಳಿದರು. ಅವನ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಕೊಡುತ್ತಾ, ಇದು ನನ್ನದೇ ಬಾಲ್ಯ ಅಲ್ವಾ ಅನ್ನಿಸಿತು. ಈಗ ನನ್ನ ಪರೀಕ್ಷೆಯೂ ಆಗಿದೆ. ನನಗೂ ಅದೇ.

ಮದುವೆಯಾದ ಹೊಸತು, ಯುಗಾದಿ ಹಬ್ಬ, ಒಬ್ಬಟ್ಟು ಬಡಿಸುವ ಕೆಲಸ ನನ್ನದು. ಗಂಡನ ಅಕ್ಕ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು ಸಾಕು" ಅಂದರು. ನಾನು ಪಕ್ಕದ ಎಲೆಗೆ ಹೋದೆ. ಇನ್ನೊಂದು ಸಲ ಬಲವಂತ ಮಾಡಬೇಕಿತ್ತಂತೆ, ನನಗೆ ಅದು ಹೊಳೆಯಲೇ ಇಲ್ಲ. "ಬಾಯಿಮಾತಿಗೂ ಇನ್ನೊಂದು ಹಾಕಲಿಲ್ಲ" ಅಂತ ಹತ್ತು ವರ್ಷದಿಂದ ಕೇಳುತ್ತಿದ್ದೇನೆ. ಮುಖ ನೋಡಿ ಮಾತಾಡದಿದ್ದರೆ ಜಂಬದವಳು, ಸುಮ್ನೆ ಕೂತರೆ ಗುಮ್ಮನಗುಸಕಿ.

ನಮ್ಮ ಮನೆಯವರು "ನಮ್ಮಲ್ಲೇ ಇರಲಿ" ಅನ್ನುತ್ತಾರೆ. ಅಮ್ಮ "ಇಷ್ಟು ವರ್ಷ ಸಂಸಾರ ಮಾಡಿದೀಯ, ಈಗ್ಯಾಕೆ ಈ ಹಣೆಪಟ್ಟಿ" ಅನ್ನುತ್ತಾರೆ. ನನಗೋ, ಆ ಹೆಸರು ಸಿಕ್ಕ ದಿನ ಬಸ್ಸಿನಲ್ಲಿ ಅಳು ಬಂತು, ಅದು ದುಃಖದ ಅಳು ಅಲ್ಲ. ಹೇಳಬೇಕಾ, ಬೇಡವಾ? ಹೇಳಿದರೆ ಯಾವ ಪದ ಬಳಸಲಿ?

ತುಂಗಾತೀರ
ಹಣೆಪಟ್ಟಿ ಮೊದಲೇ ಇತ್ತಲ್ಲ ಅಕ್ಕ, ಜಂಬದವಳು, ಗುಮ್ಮನಗುಸಕಿ ಅಂತ. ಅಮ್ಮನಿಗೆ ಇದನ್ನೇ ಹೇಳಿ.

ನೆಂಟರ ವಿಷಯ ನಿಧಾನಕ್ಕೆ ಆಗಲಿ, ಮಗನ ಕಾಗದಪತ್ರಕ್ಕೆ ಮಾತ್ರ ಕಾಯಬೇಡಿ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಆದವು, ಆಟಿಸಂ ಸೇರಿತು. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಆಗುತ್ತದೆ. ನನ್ನ ಮಗಳನ್ನು ಶಾಲೆಯಲ್ಲಿ ಎರಡು ವರ್ಷ ಹಠಮಾರಿ ಅಂತ ಕೊನೇ ಬೆಂಚಿನಲ್ಲಿ ಕೂರಿಸಿದ್ದರು. ಸರ್ಟಿಫಿಕೇಟ್ ಕೊಟ್ಟ ವಾರವೇ ಫ್ಯಾನ್ ಸದ್ದಿಲ್ಲದ ಜಾಗ ಸಿಕ್ಕಿತು. ಅದೇ ಮಗು, ಅದೇ ಟೀಚರ್.

ಹಳೇ ರೇಡಿಯೋ
ನನಗೆ 2008ರಲ್ಲಿ ಆಸ್ಪರ್ಜರ್ ಅಂದಿದ್ದರು, ಆಟಿಸಂನದೇ ಒಂದು ಬಗೆಗೆ ಆಗ ಇದ್ದ ಹೆಸರು. ಆ ಹೆಸರು ನನಗೆ ತುಂಬಾ ಇಷ್ಟವಾಗಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಅದನ್ನು ಕೈಬಿಟ್ಟು ಆಟಿಸಂ ಸ್ಪೆಕ್ಟ್ರಂ ಒಳಗೆ ಸೇರಿಸಿತು, ನನ್ನದೇನೋ ಕಿತ್ತುಕೊಂಡ ಹಾಗಾಯಿತು. ಆಮೇಲೆ 2018ರಲ್ಲಿ ವಿಯೆನ್ನಾದ ಇತಿಹಾಸಕಾರರೊಬ್ಬರು ಹಳೇ ದಾಖಲೆ ತೆಗೆದರು. ನಾಜಿಗಳ ಕಾಲದಲ್ಲಿ ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಆ ಹೆಸರಿನ ಮೂಲವಾದ ಡಾಕ್ಟರ್ ಆಸ್ಪರ್ಜರ್ ಮಕ್ಕಳನ್ನು ಕಳಿಸಿದ್ದರು ಅಂತ ಅದರಲ್ಲಿತ್ತು. ಅವತ್ತಿಂದ ಆ ಪದ ನನ್ನ ಬಾಯಿಗೆ ಬರುವುದಿಲ್ಲ.

ಒಬ್ಬಟ್ಟಿನ ಕಥೆಗೆ ಒಂದು ಮಾತು. ತಪ್ಪು ನಿಮ್ಮೊಬ್ಬರದೇ ಅಂತ ಯಾಕೆ ಅಂದುಕೊಂಡಿದ್ದೀರಿ? ಡೇಮಿಯನ್ ಮಿಲ್ಟನ್ ಅಂತ ಒಬ್ಬ ಸಂಶೋಧಕರು, ಅವರಿಗೂ ಆಟಿಸಂ ಇದೆ, 2012ರಲ್ಲೇ ಬರೆದರು: ಅರ್ಥವಾಗದೆ ಹೋಗುವುದು ಎರಡೂ ಕಡೆಯಿಂದ ಅಂತ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ಹೇಳಿಸುತ್ತಾ ಹೋದರು. ಆಟಿಸಂ ಇರುವವರದೇ ಸಾಲು, ಇಲ್ಲದವರದೇ ಸಾಲು, ಎರಡರಲ್ಲೂ ಕಥೆ ಹೆಚ್ಚುಕಮ್ಮಿ ಒಂದೇ ಸಮ ಉಳಿಯಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಜಾಸ್ತಿ ಸೋರಿಹೋಯಿತು. ನೀವು ನಿಮ್ಮ ಅತ್ತಿಗೆಯ "ಸಾಕು" ಅನ್ನೋ ಮಾತನ್ನು ನಂಬಿದಿರಿ, ಅದು ಅವರಿಗೂ ಅರ್ಥವಾಗಲಿಲ್ಲ.

ಅಣ್ಣನ ತಂಗಿ
ಬೇಜಾರು ಮಾಡ್ಕೋಬೇಡಿ, ನನ್ನದು ಬೇರೆ ಮಾತು. ನನ್ನ ಅಣ್ಣನಿಗೆ 41. ಮಾತು ಬಂದಿಲ್ಲ. ಇವತ್ತಿಗೂ ಸ್ನಾನ ಮಾಡಿಸುವುದು ನಮ್ಮಪ್ಪ, ಅಪ್ಪನಿಗೆ 72. "ಆಟಿಸಂ ಕೊರತೆ ಅಲ್ಲ, ಬೇರೆ ಥರ ಅಷ್ಟೇ" ಅಂತ ಓದಿದಾಗಲೆಲ್ಲ ಅದರಲ್ಲಿ ನಮ್ಮ ಮನೆ ಎಲ್ಲಿದೆ ಅಂತ ಹುಡುಕುತ್ತೇನೆ. ನಿಮ್ಮ ಕಷ್ಟ ಸಣ್ಣದು ಅಂತ ಹೇಳುತ್ತಿಲ್ಲ. ಬರೀ ಪದ ಹೇಳಿ ನಿಲ್ಲಿಸಬೇಡಿ, ನಿಮಗೆ ಯಾವುದು ಕಷ್ಟ, ಏನು ಮಾಡಿದರೆ ಅನುಕೂಲ ಅಂತಲೂ ಹೇಳಿ. ಹಾಗೆ ಹೇಳಿದರೆ ಅದೇ ಪದದಲ್ಲಿ ನಮ್ಮಣ್ಣನಿಗೂ ಜಾಗ ಉಳಿಯುತ್ತದೆ.

ಮೈಸೂರಮ್ಮ
ಅಣ್ಣನ ತಂಗಿ, ನಿಮ್ಮ ಮಾತು ಎರಡು ದಿನ ತಲೆಯಲ್ಲೇ ಇತ್ತು. ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಅತ್ತಿಗೆಗೆ ಫೋನ್ ಮಾಡಿ ಆಟಿಸಂ ಅಂದೆ, ಹಾಗೇ ಒಬ್ಬಟ್ಟಿನ ವಿಷಯವನ್ನೂ ಹೇಳಿದೆ, ಸಾಕು ಅಂದರೆ ನನಗೆ ಸಾಕು ಅಂತಲೇ ಕೇಳಿಸುತ್ತದೆ ಅಂತ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಯ್ಯೋ, ಮೊದಲೇ ಹೇಳಬಾರದಿತ್ತಾ? ಇನ್ಮೇಲೆ ಬೇಕಾದ್ರೆ ಬೇಕು ಅಂತಾನೇ ಹೇಳ್ತೀನಿ ಬಿಡು" ಅಂದರು. ನಮ್ಮ ಮನೆಯವರಿಗೆ ಇನ್ನೂ ಸಮಾಧಾನ ಇಲ್ಲ. ಮಗನ ಕಾರ್ಡಿಗೆ ಮಾತ್ರ ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ.