ಇಬ್ಸೆನ್ ನಾಟಕಗಳ ಲಂಡನ್ ರಂಗಚರಿತ್ರೆ: ಸಲಹೆ ಕೇಳಿದವರಿಗೆ ಮೂವರ ಅನುಭವ

ಕೋರಿಕೆ

ನಾರ್ವೆಯ ನಾಟಕಕಾರ ಇಬ್ಸೆನ್ ಅವರ ನಾಟಕಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಪ್ರಯೋಗಗೊಂಡ ಚರಿತ್ರೆಯ ಬಗ್ಗೆ ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದೇನೆ. ಯಾವ ಅನುವಾದ ಯಾವ ವರ್ಷ ಅಚ್ಚಾಯಿತು ಎಂಬ ಪಟ್ಟಿ ಕೈಯಲ್ಲಿದೆ. ಅಲ್ಲಿಂದ ಮುಂದೆ ದಾರಿ ಕಾಣುತ್ತಿಲ್ಲ. ಇಂಥ ಕೆಲಸ ಮಾಡಿದವರು ಏನನ್ನು ಹುಡುಕಿದಿರಿ, ಎಲ್ಲಿ ಹುಡುಕಿದಿರಿ ಎಂದು ದಯವಿಟ್ಟು ತಿಳಿಸಿ.

ರಂಗಚರಿತ್ರೆ ಕಲಿಸುತ್ತಿದ್ದ ನಿವೃತ್ತ ಅಧ್ಯಾಪಕರು

ನಿಮ್ಮ ಪಟ್ಟಿ ಸಾಹಿತ್ಯಚರಿತ್ರೆಗೆ ಸಲ್ಲುತ್ತದೆ, ರಂಗಚರಿತ್ರೆಗೆ ಬೇಕಾದ ಪಟ್ಟಿಯೇ ಬೇರೆ. ಯಾವ ರಂಗಮಂದಿರ, ಮಧ್ಯಾಹ್ನದ ಆಟವೋ ರಾತ್ರಿಯದೋ, ಎಷ್ಟು ಪ್ರದರ್ಶನಗಳು, ಹಣ ಹಾಕಿದವರು ಯಾರು, ಪರವಾನಗಿ ಇತ್ತೇ, ಕೊನೆಯ ದೃಶ್ಯ ಹೇಗೆ ಮುಗಿಯಿತು ಎಂಬುದನ್ನು ಪ್ರತಿಯೊಂದು ಪ್ರಯೋಗದ ಎದುರಿಗೂ ಬರೆಯುತ್ತಾ ಹೋಗಿ. ವಿದ್ಯಾರ್ಥಿಗಳಿಂದ ನಾನು ಮೊದಲು ಮಾಡಿಸುತ್ತಿದ್ದ ಕೆಲಸ ಇದೇ, ಮತ್ತು ಚಿತ್ರ ಬದಲಾಗುತ್ತಿದ್ದದ್ದೂ ಇದರಿಂದಲೇ.

1880ರ ಡಿಸೆಂಬರಿನಲ್ಲಿ ವಿಲಿಯಂ ಆರ್ಚರ್ ಇಂಗ್ಲಿಷಿಗೆ ತಂದ ‘ಪಿಲ್ಲರ್ಸ್ ಆಫ್ ಸೊಸೈಟಿ’ ನಾಟಕವು ‘ಕ್ವಿಕ್‌ಸ್ಯಾಂಡ್ಸ್’ ಎಂಬ ಹೆಸರಿನಲ್ಲಿ ಗೇಯಟಿ ರಂಗಮಂದಿರದಲ್ಲಿ ಒಂದೇ ಒಂದು ಮಧ್ಯಾಹ್ನ ನಡೆಯಿತು. 1884ರ ಮಾರ್ಚಿನಲ್ಲಿ ಹೆನ್ರಿ ಆರ್ಥರ್ ಜೋನ್ಸ್ ಮತ್ತು ಹೆನ್ರಿ ಹರ್ಮನ್ ‘ಎ ಡಾಲ್ಸ್ ಹೌಸ್’ ನಾಟಕವನ್ನು ‘ಬ್ರೇಕಿಂಗ್ ಎ ಬಟರ್‌ಫ್ಲೈ’ ಎಂದು ರೂಪಾಂತರಿಸಿದರು. ಮೂಲದಲ್ಲಿ ಕೊನೆಗೆ ಗಂಡನ ಮನೆ ಬಿಟ್ಟು ಹೊರಡುವ ನಾಯಕಿ ನೋರಾ ಇದರಲ್ಲಿ ಫ್ಲೋರಾ ಆಗುತ್ತಾಳೆ, ಗಂಡ ಅವಳ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ, ಅವಳು ಮನೆ ಬಿಟ್ಟು ಹೋಗುವುದೇ ಇಲ್ಲ. ಇದು ಇಬ್ಸೆನ್ ಅಲ್ಲವೆಂದು ಬದಿಗಿಡಬೇಡಿ. ಆಗಿನ ಲಂಡನ್ನಿನ ವೃತ್ತಿರಂಗಭೂಮಿ ಎಷ್ಟನ್ನು ಸಹಿಸಬಲ್ಲುದಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಂಡಿಲ್ಲ. ಎರಡು ವರ್ಷಗಳ ಬಳಿಕ, 1886ರ ಜನವರಿಯಲ್ಲಿ, ಕಾರ್ಲ್ ಮಾರ್ಕ್ಸ್ ಅವರ ಮಗಳು ಎಲಿನಾರ್ ತಮ್ಮ ಮನೆಯಲ್ಲಿ ಅದೇ ನಾಟಕದ ವಾಚನ ಏರ್ಪಡಿಸಿ ತಾವೇ ನೋರಾಳ ಮಾತುಗಳನ್ನು ಓದಿದರು, ಬರ್ನಾರ್ಡ್ ಷಾ ನೋರಾಳಿಗೆ ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಆಗಿದ್ದರು. ಮನೆಯ ಕೋಣೆಯಲ್ಲಿ ಸಾಧ್ಯವಾದದ್ದು ಸಾರ್ವಜನಿಕ ರಂಗದ ಮೇಲೆ ಬರಲು 1889ರ ಜೂನ್ 7ರವರೆಗೆ ಕಾಯಬೇಕಾಯಿತು.

ಪರವಾನಗಿಯ ವಿಷಯವನ್ನಂತೂ ಬಿಡಲೇಬೇಡಿ. ಸಾರ್ವಜನಿಕವಾಗಿ ಆಡುವ ಪ್ರತಿ ಹೊಸ ನಾಟಕಕ್ಕೂ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಯ ಒಪ್ಪಿಗೆ ಬೇಕಿತ್ತು, ಈ ಪದ್ಧತಿ 1968ರವರೆಗೂ ಉಳಿಯಿತು. ಆದ್ದರಿಂದಲೇ ಜೆ.ಟಿ. ಗ್ರೈನ್ ಅವರ ಇಂಡಿಪೆಂಡೆಂಟ್ ಥಿಯೇಟರ್ ಸಂಘವು 1891ರ ಮಾರ್ಚ್ 13ರಂದು ‘ಗೋಸ್ಟ್ಸ್’ ನಾಟಕವನ್ನು ರಾಯಲ್ಟಿ ರಂಗಮಂದಿರದಲ್ಲಿ ಖಾಸಗಿ ಪ್ರದರ್ಶನವೆಂದು ಆಡಿತು. ಆ ನಾಟಕಕ್ಕೆ ಪರವಾನಗಿ ದೊರೆತದ್ದು 1914ರಲ್ಲಿ. ನಮ್ಮ ಕೈಲಾಸಂ ಲಂಡನ್ನಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಬಹುಪಾಲು ಈ ನಿಷೇಧದ ಕಾಲಕ್ಕೇ ಸೇರುತ್ತವೆ ಎಂಬುದು ನನಗೆ ಮತ್ತೆಮತ್ತೆ ನೆನಪಾಗುತ್ತದೆ. ಪರವಾನಗಿಗೆಂದು ಸಲ್ಲಿಸಿದ ಹಸ್ತಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ; ಅಚ್ಚಾದ ಅನುವಾದಕ್ಕೂ ರಂಗದ ಮೇಲೆ ಆಡಿದ ಮಾತಿಗೂ ಇರುವ ಅಂತರವನ್ನು ಅವುಗಳಿಂದ ಅಳೆಯಬಹುದು.

ಹವ್ಯಾಸಿ ತಂಡವೊಂದರ ನಿರ್ದೇಶಕಿ

ಮೇಷ್ಟ್ರು ಹೇಳಿದ ಅಂಶಗಳಲ್ಲಿ ‘ಹಣ ಹಾಕಿದವರು ಯಾರು’ ಎಂಬುದಕ್ಕೆ ನೀವು ಒಂದು ಅಧ್ಯಾಯವನ್ನೇ ಕೊಡಬೇಕೆಂಬುದು ನನ್ನ ಒತ್ತಾಯ. ‘ಹೆಡ್ಡಾ ಗಾಬ್ಲರ್’ ನಿರ್ದೇಶಿಸುವ ಮೊದಲು ಅದರ ಹಿಂದಿನ ಪ್ರಯೋಗಗಳ ಬಗ್ಗೆ ಓದುತ್ತಿದ್ದಾಗ, ಲಂಡನ್ನಿಗೆ ಇಬ್ಸೆನ್‌ರನ್ನು ತಂದವರಲ್ಲಿ ಅನುವಾದಕ ಮತ್ತು ವಿಮರ್ಶಕರಷ್ಟೇ ಪಾಲು ನಟಿಯರದೂ ಆಗಿತ್ತು ಎಂಬುದು ನನಗೆ ಮನದಟ್ಟಾಯಿತು. 1889ರಲ್ಲಿ ನಾವೆಲ್ಟಿ ರಂಗಮಂದಿರದಲ್ಲಿ ನೋರಾ ಆದ ಜಾನೆಟ್ ಅಚರ್ಚ್ ಮತ್ತು ಅವರ ಪತಿ ಚಾರಿಂಗ್ಟನ್, ಆಸ್ಟ್ರೇಲಿಯ ಪ್ರವಾಸದಿಂದ ಬರಬೇಕಿದ್ದ ಸಂಬಳದ ಆಧಾರದ ಮೇಲೆ ಆ ಪ್ರಯೋಗಕ್ಕೆ ಹಣ ಹೊಂದಿಸಿದರು. ಏಳು ಆಟಗಳೆಂದು ಗೊತ್ತುಮಾಡಿದ್ದು 24ರವರೆಗೆ ನಡೆಯಿತು. 1891ರ ಏಪ್ರಿಲಿನಲ್ಲಿ ಅಮೆರಿಕದಿಂದ ಬಂದಿದ್ದ ಎಲಿಜಬೆತ್ ರಾಬಿನ್ಸ್ ಮತ್ತು ಮೇರಿಯನ್ ಲೀ ಎಂಬ ನಟಿಯರಿಬ್ಬರು ತಾವೇ ನಿರ್ಮಾಪಕರಾಗಿ ವಾಡ್ವಿಲ್ ರಂಗಮಂದಿರದಲ್ಲಿ ‘ಹೆಡ್ಡಾ ಗಾಬ್ಲರ್’ ಆಡಿಸಿದರು. ಮಧ್ಯಾಹ್ನದ ಆಟಗಳಾಗಿ ಆರಂಭವಾದದ್ದು ಸಂಜೆಯ ಆಟಗಳಿಗೆ ಬಡ್ತಿ ಪಡೆಯಿತು. ರಾಬಿನ್ಸ್ ಅವರ ಕಾಗದಪತ್ರಗಳು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿವೆ. ಅಲ್ಲಿಗೆ ಹೋಗಲಾಗದಿದ್ದರೂ ಅವುಗಳ ವಿವರಪಟ್ಟಿಯನ್ನು ಅಂತರಜಾಲದಲ್ಲಿ ಓದಬಹುದು, ಅದೇ ನಿಮಗೆ ಹಲವು ಪ್ರಶ್ನೆಗಳನ್ನು ಹುಟ್ಟಿಸುತ್ತದೆ.

ಹಳೆಯ ಪತ್ರಿಕೆಗಳಲ್ಲಿ ಕೆಲಸ ಮಾಡಿರುವ ಸಂಶೋಧಕರು

ವಿಮರ್ಶೆಗಳ ಬಗ್ಗೆ ಮಾತ್ರ ನನ್ನ ಮಾತು. ‘ಗೋಸ್ಟ್ಸ್’ ನಾಟಕವನ್ನು ಡೈಲಿ ಟೆಲಿಗ್ರಾಫ್ ತೆರೆದ ಚರಂಡಿ ಎಂದು ಕರೆದದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ಬೈಗುಳಗಳನ್ನು ಒಂದೆಡೆ ಪೋಣಿಸಿ 1891ರ ಏಪ್ರಿಲಿನಲ್ಲಿ ಪ್ರಕಟಿಸಿದವರು ಇಬ್ಸೆನ್ ಪಕ್ಷಪಾತಿಯಾದ ಆರ್ಚರ್. ಅದೇ ವರ್ಷ ತಮ್ಮ ಪುಸ್ತಕದಲ್ಲಿ ಅವನ್ನು ಮತ್ತೆ ಹರಡಿದವರು ಷಾ. ಎದುರಾಳಿಗಳ ಮಾತನ್ನು ಹೀಗೆ ಆಯ್ದು ಕೊಟ್ಟಾಗ ಸಭಾಂಗಣದಲ್ಲಿ ಕುಳಿತವರ ಪ್ರತಿಕ್ರಿಯೆ, ನಟನೆಯ ಗುಣದೋಷ, ವೇಷಭೂಷಣ ಇವೆಲ್ಲ ಕಳಚಿಹೋಗುತ್ತವೆ, ಆದ್ದರಿಂದ ಸಾಧ್ಯವಾದಷ್ಟು ವಿಮರ್ಶೆಗಳನ್ನು ಪೂರ್ತಿಯಾಗಿ ಓದಿ. ಬ್ರಿಟಿಷ್ ಪತ್ರಿಕೆಗಳ ಸಂಗ್ರಹಕ್ಕೆ ಸಾಮಾನ್ಯವಾಗಿ ಚಂದಾ ತೆರಬೇಕಾಗುತ್ತದೆ. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಎಂಬ ಅಂತರಜಾಲ ಸಂಗ್ರಹ ಮಾತ್ರ ಉಚಿತ. ಅಚರ್ಚ್ ದಂಪತಿಗಳು 1889ರಲ್ಲೇ ‘ಎ ಡಾಲ್ಸ್ ಹೌಸ್’ ನಾಟಕವನ್ನು ಮೆಲ್ಬರ್ನ್‌ನಲ್ಲಿ ಆಡಿದ್ದರಿಂದ ಅಲ್ಲಿನ ಪತ್ರಿಕೆಗಳಲ್ಲಿ ಅವರ ಅಭಿನಯದ ವರದಿಗಳು ಸಿಗುತ್ತವೆ, ಹಣ ಖರ್ಚಿಲ್ಲದೆ ನೀವು ಈ ವಾರವೇ ಅಲ್ಲಿಂದ ಹುಡುಕಾಟ ಆರಂಭಿಸಬಹುದು.